ಐದಡಿ ಎರಡಂಗುಲ

ಸಾಲಗಾಮೆ ರಸ್ತೆಯಾಚೆ, ಆಲೂಗಡ್ಡೆ ಬೆಳೆಯುತ್ತಿದ್ದ ಕೆಮ್ಮಣ್ಣಿನಲ್ಲಿ
ನೂರಾ ಹನ್ನೆರಡು ಮನೆಗಳ ನಕ್ಷೆ ಬಿದ್ದಾಗ
ಮೊದಲು ಎದ್ದದ್ದು ಮಾದರಿ ಮನೆ.
ಅದಕ್ಕೆ ಮಂಚ ಮಾಡಿಕೊಟ್ಟವನು ನಾನು.

"ಐದಡಿ ಎರಡಂಗುಲ ಸಾಕು ಆಚಾರ್ರೇ" ಅಂದರು ಬಿಲ್ಡರು,
"ಸೋಫಾ ಒಂದು ಗೇಣು ಕಮ್ಮಿ,
ಊಟದ ಮೇಜು ಮಕ್ಕಳಾಟದ್ದರ ಹಾಗೆ.
ರೂಮು ದೊಡ್ಡದು ಕಾಣಬೇಕು.
ಬಾಗಿಲು ಬೇಡವೇ ಬೇಡ,
ಬಾಗಿಲು ಜಾಗ ತಿನ್ನುತ್ತೆ."

ನಮ್ಮಪ್ಪ ಆಯ ನೋಡದೆ ಹೊಸ್ತಿಲಿಗೆ ಉಳಿ ಇಟ್ಟವನಲ್ಲ.
ಧ್ವಜಾಯವೋ ಸಿಂಹಾಯವೋ ಬೆರಳು ಮಡಿಸಿ ಎಣಿಸಿ
ಕೂದಲೆಳೆ ಹೆಚ್ಚಾದರೂ ಮರವನ್ನು ಗೋಡೆಗೊರಗಿಸಿ
ಎಲೆಯಡಿಕೆ ಹಾಕಿಕೊಂಡು ಕೂತುಬಿಡುತ್ತಿದ್ದ.
ನಾನು ಹದಿನೆಂಟು ಸಾವಿರ ಎಣಿಸಿಕೊಂಡೆ.
ಹಾಸಿಗೆ ಇದ್ದಷ್ಟು ಕಾಲು ಚಾಚು ಅಂದವರು
ಹಾಸಿಗೆಯನ್ನೇ ಕುಯ್ಯುವವನನ್ನು ಕಂಡಿರಲಿಲ್ಲ.

ಆರು ತಿಂಗಳ ಮೇಲೆ ಒಂದು ಭಾನುವಾರ
ಪಂಕಜಾಕ್ಷಿ ಇಸ್ತ್ರಿ ಮುರಿಯದ ಸೀರೆ ಉಟ್ಟು
"ಬನ್ನಿ, ಒಂದು ಮನೆ ನೋಡಿಬರೋಣ" ಅಂದಳು.
ಯಾವುದು ಅಂತ ಕೇಳಲಿಲ್ಲ.
ಆಟೋ ಹೊರಳಿದ ದಿಕ್ಕಿಗೇ ನನ್ನ ಹೊಟ್ಟೆಯೂ ಹೊರಳಿತು.

ಪೆನ್ಷನ್ ಮೊಹಲ್ಲಾದ ಬಾಡಿಗೆ ಕೋಣೆಯಲ್ಲಿ ಹದಿನಾಲ್ಕು ವರ್ಷ:
ಹಗಲು ಹೊಲಿಗೆ ಮಿಷನ್ನು, ರಾತ್ರಿ ಅದನ್ನು ಸರಿಸಿ ಚಾಪೆ.
ಬಡಗಿ ಮನೆಯಲ್ಲಿ ಮಂಚವಿಲ್ಲ ಅಂತ ಯಾರಾದರೂ ನಕ್ಕರೆ
ನಾನೂ ನಗುತ್ತಿದ್ದೆ.

ಚಂದನ್ ಅನ್ನುವ ಹುಡುಗ, ಕೊರಳಿಗೆ ನೇತ ಗುರುತಿನ ಚೀಟಿ,
"ಮಂಚ ಹಾಕಿದ ಮೇಲೂ ಎರಡು ಬೀರು ಹಿಡಿಯುತ್ತೆ ಮೇಡಂ" ಅಂದ.
ಮೇಜಿನ ಮೇಲೆ ಪ್ಲಾಸ್ಟಿಕ್ ಸೇಬು.
ಗೋಡೆತುಂಬ ಕನ್ನಡಿ, ಅದರಲ್ಲಿ ತಪ್ಪಿಸಿಕೊಳ್ಳಲು ನೋಡುತ್ತಿದ್ದ ಒಬ್ಬ ಆಚಾರಿ.
ಚಪ್ಪಲಿ ಸರಿಮಾಡುವವನ ಹಾಗೆ ಬಗ್ಗಿ ಮಂಚದಡಿ ನೋಡಿದೆ:
ನನ್ನ ಪೆನ್ಸಿಲ್ಲಿನ ಅಂಕಿ ಮಾಸಿರಲಿಲ್ಲ.
ಹೇಳಬೇಕಿತ್ತು.
ಗಂಟಲಲ್ಲಿ ಮರದ ಹೊಟ್ಟು.

ಅವಳು ಪರ್ಸಿನಿಂದ ಟೇಪು ತೆಗೆದಳು.
ಅರ್ಧ ಊರಿನ ತೋಳು ಸೊಂಟ ಅಳೆದು ಅಂಚು ಜೂಲಾದ ಹಳದಿ ಟೇಪು.
ಉದ್ದಕ್ಕೆ ಹಿಡಿದಳು. ಅಡ್ಡಕ್ಕೆ ಹಿಡಿದಳು.
"ಮೇಡಂ, ಅದು ಬರೀ ಶೋಗೆ..."
"ಗೊತ್ತಪ್ಪ. ಈ ಕೀಲು ಕೂಡಿಸಿದ ಕೈ ನಮ್ಮನೇದೇ."

ಆಮೇಲೆ ಮೆಟ್ಟಿಲ ಮೇಲೆ, ನನಗೆ ಮಾತ್ರ ಕೇಳುವಷ್ಟು:
"ಅಂಗಡಿ ಗೊಂಬೆಗೆ ರವಿಕೆ ತೊಡಿಸಿ
ಬೆನ್ನ ಹಿಂದೆ ನಾನೂ ಆರು ಪಿನ್ನು ಚುಚ್ಚುತ್ತೀನಿ.
ಮುಂದಿನಿಂದ ನೋಡಿದವರು ಹೊಲಿಯೋಕೆ ಕೊಡ್ತಾರೆ.
ಪಾಪ ಅನ್ನೋದಾದ್ರೆ ಅರ್ಧರ್ಧ."
ಮತ್ತೆ ಒಳಹೋದಳು.
ಹತ್ತಕ್ಕೆ ಒಂಬತ್ತೂವರೆ ಅಂತ ಕೋಣೆಯ ನಿಜ ಬರೆಸಿ,
ಬಾಗಿಲು ನಾವೇ ಮಾಡ್ಕೋತೀವಿ ಅಂತ ಅರವತ್ತು ಸಾವಿರ ಇಳಿಸಿ,
ಮೂವತ್ತೊಂದನೇ ನಂಬರಿನ ಮೇಲೆ ಬೆರಳಿಟ್ಟಳು.

ಬ್ಯಾಂಕಿನವರೂ ಆಯ ಕೇಳಿದರು, ವ್ಯಯ ಕೇಳಿದರು.
ಅಪ್ಪನ ಮಾತುಗಳೇ,
ಆದರೆ ಯಾವ ಪ್ರಾಣಿಯ ಹೆಸರೂ ಇಲ್ಲ ಅವರ ಲೆಕ್ಕದಲ್ಲಿ.
ಇಪ್ಪತ್ತು ವರ್ಷದ ಕಂತು. ಮುಗಿಯುವಾಗ ನನಗೆ ಅರವತ್ಮೂರು.

ಈಗ ಹಲಸಿನ ಬಾಗಿಲು, ಆರೂಕಾಲು ಅಡಿ ಮಂಚ.
ಬಾಗಿಲು ಪೂರ್ತಿ ತೆರೆಯುವುದಿಲ್ಲ,
ಮುಕ್ಕಾಲಿಗೆ ಮಂಚದ ಕಾಲು ತಾಗಿ ಟಕ್ ಅನ್ನುತ್ತದೆ.
ಹೊಟ್ಟೆ ಎಳೆದುಕೊಂಡು ಅಡ್ಡಡ್ಡ ನುಸುಳಬೇಕು.
ರಾತ್ರಿ ಪಂಕಜಾಕ್ಷಿ ಕಾಲು ನೀಡುತ್ತಾಳೆ, ಇನ್ನೂ ನೀಡುತ್ತಾಳೆ,
ಹೆಬ್ಬೆರಳಲ್ಲಿ ಮಂಚದ ತುದಿ ಹುಡುಕುತ್ತಾಳೆ.
ಸಿಗದಿದ್ದರೆ ಕತ್ತಲಲ್ಲೇ ನಗುತ್ತಾಳೆ.

ನಿನ್ನೆ ಚಂದನ್ ಫೋನು ಮಾಡಿದ್ದ.
ಎರಡನೇ ಹಂತ ಶುರುವಂತೆ, ಕೋಣೆ ಇನ್ನೂ ಚಿಕ್ಕವಂತೆ.
"ನಾಲ್ಕಡಿ ಹತ್ತಂಗುಲ ಆಗುತ್ತಾ ಸಾರ್?"
ಕಂತು ಐದನೇ ತಾರೀಖು.
ಮಿಷನ್ನಿನ ಸದ್ದು ನಿಂತಿತು.
ಕಿವಿ ಮೇಲಿನ ಪೆನ್ಸಿಲು ನಾನು ಮುಟ್ಟಿಲ್ಲ,
ಇನ್ನೂ.