ಯಾರ ಹೊಟ್ಟ್ಯಾಗ ಯಾರು

ಗುಳೇದಗುಡ್ಡದ ಹಿಂದ, ಕೆಂಪು ಬಂಡಿಗಲ್ಲಿನ ಸಂದ್ಯಾಗ
ವರ್ಷಕ್ಕ ಎರಡೂವರಿ ತಿಂಗಳು ಮಾತ್ರ
ಹಳ್ಳ ಅನಿಸಿಕೊಳ್ಳೋ ಹಳ್ಳ.
ಉಳಿದ ದಿನ ಅದು ಕುರಿ ದಾರಿ.

ಈ ಸಲ ಅಲ್ಲಿ ಒಬ್ಬಾಕಿ ಕೂತಿದ್ಲು, ಶಾಹೀನ ನದಾಫ,
ಮೊಣಕಾಲತನಕ ಪ್ಯಾಂಟ ಮಡಚಿ,
ಬಿಳಿ ತಾಟಿನ್ಯಾಗ ನೀರು ಸುರುವಿ ಎಣಿಸಕೋತ.
ಆಕಿ ಬಲಿ ಜಾಲಿ ಮುಳ್ಳಿಗೆ ಹರಿದಿತ್ತು.
ನಂದು ಕಂಡಕಿ ಸುತ್ತೂ ಕೈ, ಸುಮ್ಮನ ಇರಂಗಿಲ್ಲ.
ಸೆರಗಿನ ಗಂಟಿನ್ಯಾಗಿನ ರೇಷ್ಮಿ ಎಳಿ ತಗದು
ಹೊಲಿದು ಕೊಟ್ಟೆ.

"ಕೂಲಿ ಏನು ಕೊಡ್ಲಿ, ಅವ್ವಾ?"
"ತೋರಸು," ಅಂದೆ.

ಕೊಳೆತ ಹುಲಗಲ ಎಲಿ. ಅದರ ಮ್ಯಾಲ ಲೋಳಿ.
ಲೋಳಿ ಸಮೇತ ಎಲಿ ಕಡಿಯೋದು ಒಂದು;
ನರ ಅಷ್ಟ ಬಿಟ್ಟಿತ್ತು,
ಹಾಸು ಉಳಿದು ಹೊಕ್ಕು ಉದುರಿದ ಖಣದಂಗ.
ಅದು ಚೆಲ್ಲಿದ ಚೂರು, ಅದರ ಹೇಲು ಸೈತ
ಕೆಳಗಿನಾಕಿಗೆ ಊಟ:
ಎರಡು ಕಲ್ಲಿನ ನಡುವ ಬಾಯಿಂದ ಎಳಿ ತಗದು
ಹರಿವಿಗೆ ಎದುರಾಗಿ ಬಲಿ ಕಟ್ಟಿ ಕೂತಾಳ.
ಭೂತಗನ್ನಡಿ ಹಿಡದು ನೋಡಿದೆ.
ಕಣ್ಣು ಕಣ್ಣೂ ಒಂದ ಅಳತಿ.
ನಮ್ಮ ಓಣ್ಯಾಗ ಇಂಥ ಕೈ ಈಗ ಮೂರ ಮಂದಿಗೈತಿ.

"ಈಕಿನ್ನ ತಿನ್ನೋರು?"
ಹೆಲಿಕಾಪ್ಟರ್ ಚಿಟ್ಟಿ ಮರಿ, ನೀರಾಗಿರೂ ತನಕ ಅದಕ್ಕ ರೆಕ್ಕಿಲ್ಲ.
ಕೆಳದುಟಿ ಮಡಚಿ ಇಟ್ಟಿರತೈತಿ,
ಲಾಳಿ ಹೊಡದಂಗ ಹೊಡೀತೈತಿ.
ಮುಗೀತು.
ಅದನ್ನ ಸೂಜಿ ಬಾಯಿ ಇಟ್ಟು ಹೀರಾಂವ ಇನ್ನೊಬ್ಬ,
ಬೆನ್ನ ತುಂಬ ತತ್ತಿ ಹೊತ್ತ ಗಂಡಸು.
ಪಾಪ, ಹೆಣ್ತಿ ಹೊರಿಸಿ ಹೋಗ್ಯಾಳ, ಅಂತ ನಾ ಮರುಗೂದರಾಗ
ಅಂವ ಮತ್ತೊಂದನ್ನ ತಬ್ಬಿಕೊಂಡಿದ್ದ.

ಶಾಹೀನ ಪಟ್ಟಿ ತುಂಬ ಬಾಣ ಬರದಿದ್ಲು.
ಮೊನಿ ಯಾವಾಗಲೂ ತಿನ್ನೋರ ಕಡೆ.
ನಾನಂದೆ, ನಮ್ಮ ಮಗ್ಗದ ಲೆಕ್ಕಾನೂ ಹಿಂಗ ಬರೀಬಹುದು.
ಆಕಿ ನಕ್ಕಳು. ನಾ ನಗಲಿಲ್ಲ.

ಮಾನಮಿ ದಾಟಿತು. ಹಳ್ಳ ಒಂದು ಬುಟ್ಟಿಯಷ್ಟು ಗುಂಡಿ ಆತು.
ಎಲ್ಲಾರೂ ಅದರಾಗ. ಕಾಲಿಗೆ ಕಾಲು, ಬಾಯಿಗೆ ಬಾಯಿ.
"ಹಸಿವು ಹೆಚ್ಚಾಗಿಲ್ಲ, ಜಾಗಾ ಕಮ್ಮಿ ಆಗೈತಿ," ಅಂದ್ಲು.
ಏಡಿ ಮಾತ್ರ ಯಾರ ಗೊಡವಿ ಇಲ್ಲದ ಮಣ್ಣು ತೋಡತಿತ್ತು.

ಕತ್ತಲಾಗೂ ಹೊತ್ತಿಗೆ ಮುಂಗೈಗೆ ಸೊಳ್ಳಿ ಕೂತಿತು.
ಇದೇ ಗುಂಡ್ಯಾಗ ಹುಟ್ಟಿದ್ದು, ಇಲ್ಲೇ ತತ್ತಿ ಇಡೂದು,
ಅದರ ಮರಿ ಆ ಲಾಳಿ ತುಟಿಯಾಕಿಗೆ.
ಹೊಡ್ಯಾಕ ಎತ್ತಿದ ಕೈ ತಡದೆ.
ಹೊಟ್ಟಿ ಕೆಂಪಗಾಗೂ ತನಕ ಕುಡೀತು. ಹಾರಿತು.

"ಬರಕೋ," ಅಂದೆ. "ಒಂದು ಹನಿ."
ಶಾಹೀನ ಪಟ್ಟಿ ತಿರುವಿ, ಎಲ್ಲಾದಕ್ಕಿಂತ ಕೆಳಗ,
ಕೊಳೆತ ಎಲಿ ಬಾಜೂಕ ಒಂದು ಬಾಣ ಶುರು ಮಾಡಿ
ಕೇಳಿದ್ಲು, "ಹೆಸರು?"

ಎರಡು ತಿಂಗಳಾದ ಮ್ಯಾಲ.
"ಹುಲಿಗೆವ್ವ," ಅಂದೆ.