ಜೂನ್ ತಿಂಗಳ ಕೆಮ್ಮು

ಕುವೊಪಿಯೊ ಊರಿನ ಔಷಧದಂಗಡಿಯಲ್ಲಿ ನಾನು
ಮಾತ್ರೆ ಎಣಿಸುವವಳು. ಹತ್ತೊಂಬತ್ತರ ವಯಸ್ಸು.
ಕೊಂಬಿನ ಚಮಚ, ಕಪ್ಪು ಗಾಜಿನ ತಟ್ಟೆ,
ಐದೈದರಂತೆ ಜಾರಿಸಿ ಡಬ್ಬಿ ತುಂಬಬೇಕು,
ತುಟಿ ಅಲುಗಬಾರದು, ಲೆಕ್ಕ ತಪ್ಪಬಾರದು.
ಬಾಟಲಿಯ ಮೇಲೆ ಹೆಸರು ರಾಜಾರೋಷವಾಗಿಯೇ ಇತ್ತು: ಹೆರಾಯಿನ್.
ಆ ಹೆಸರಿಗಿನ್ನೂ ಕೆಟ್ಟ ಹೆಸರು ಬಂದಿರಲಿಲ್ಲ.
ಎದೆ ಕಟ್ಟಿದ ಅಜ್ಜಿಯಂದಿರು ಒಯ್ಯುತ್ತಿದ್ದರು
ಕರವಸ್ತ್ರದ ತುದಿಗೆ ಗಂಟು ಹಾಕಿ.

ಯುದ್ಧ ಬಂತು. ಡಬ್ಬಿಗಳು ಪೂರ್ವಕ್ಕೆ ಹೊರಟವು,
ಅವುಗಳ ಹಿಂದೆಯೇ ನನ್ನಣ್ಣ ಇಲ್ಮರಿ.

ಗಡಿಯಾಚೆಯ ಕಾಡಿನಲ್ಲಿ, ತೊಡೆಮಟ್ಟ ಹಿಮದಲ್ಲಿ
ಬಿಳಿ ಮುಸುಕು ಹೊದ್ದು ಬೋರಲು ಮಲಗಿದವರಿಗೆ
ಕೆಮ್ಮು ಅಂದರೆ ಕಾಯಿಲೆಯಲ್ಲ, ವಿಳಾಸ.
ಒಬ್ಬ ಕೆಮ್ಮಿದರೆ ಒಂಬತ್ತು ಜನ ಇಲ್ಲ.
ಅದಕ್ಕೇ ಹೊರಡುವ ಮುನ್ನ ತುಕಡಿಯ ನಾಯಕ
ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬನ ನಾಲಿಗೆಗೂ
ಒಂದೊಂದು ಇಡುತ್ತಿದ್ದನಂತೆ,
ಇಗರ್ಜಿಯಲ್ಲಿ ಪಾದ್ರಿ ರೊಟ್ಟಿಯ ಬಿಲ್ಲೆ ಇಟ್ಟ ಹಾಗೆ.
ಎಚ್ಚರವಿರಲು ಬೇರೊಂದು ಬಾಟಲಿ.
ಕಾಲು ಕತ್ತರಿಸುವಾಗ ಮೂಗಿಗೆ ಹಿಡಿಯಲು ಈಥರ್, ಇದ್ದರೆ.
ಇಷ್ಟನ್ನು ಅಣ್ಣ ಹೇಳಿದ್ದು ಒಂದೇ ಸಲ,
ದೋಣಿಗೆ ಡಾಂಬರು ಬಳಿಯುತ್ತಾ, ದೋಣಿಗೆ ಹೇಳಿದಂತೆ.

ಹಿಂತಿರುಗಿದಾಗ ಎಡಗಾಲಿನ ಎರಡು ಬೆರಳಿರಲಿಲ್ಲ.
ಕೆಮ್ಮೂ ಇರಲಿಲ್ಲ.
'ನೋಡಿದೆಯಾ ಸೈಮಿ, ಹುಡುಗನ ಎದೆ ಎಷ್ಟು ಗಟ್ಟಿ!'
ಅಮ್ಮ ಹಿಗ್ಗಿದಳು, ರೈ ರೊಟ್ಟಿಗೆ ಇನ್ನಷ್ಟು ಬೆಣ್ಣೆ ಸವರಿದಳು.

ಮಾರನೆಯ ವರ್ಷ, ಜೂನ್ ತಿಂಗಳಲ್ಲಿ,
ಸರೋವರ ಕರಗಿ, ಬರ್ಚ್ ಮರ ಚಿಗುರಿ, ರಾತ್ರಿಯೂ ಬೆಳಕಿರುವಾಗ
ಊರಿಗೆ ಊರೇ ಕೆಮ್ಮತೊಡಗಿತು.
ದಿಮ್ಮಿ ತೇಲಿಸುವವನು ಬಂದು ಕೆಮ್ಮಿದ. ಮೇಷ್ಟ್ರು ಕೆಮ್ಮಿದರು.
ಸೇತುವೆಯ ಬಡಗಿ ಡಬ್ಬಿ ಜೇಬಿಗಿಳಿಸಿದ ಮೇಲೆ
ನೆನಪಾಗಿ, ಬಾಗಿಲಲ್ಲಿ ತಿರುಗಿ, ಒಂದು ಸಲ ಕೆಮ್ಮಿದ.
ಯಾರ ಕೆಮ್ಮೂ ಕೆಮ್ಮಿನ ಹಾಗಿರಲಿಲ್ಲ,
ಅಪರಿಚಿತರ ಮನೆಯ ಕದ ತಟ್ಟಿದ ಹಾಗಿತ್ತು.
ಕೆಮ್ಮುವುದಕ್ಕೂ ರೂಢಿ ಬೇಕಲ್ಲ,
ನಾಲ್ಕು ಚಳಿಗಾಲ ನುಂಗಿಕೊಂಡವರಿಗೆ?
ಯಜಮಾನ ಲಿಂಡ್ರೂಸ್ ಕನ್ನಡಕದ ಮೇಲಿಂದ ನೋಡಿ
ಖಾತೆಯಲ್ಲಿ ಬರೆದರು: ಶೀತ.
ನಾನು ಎಣಿಸಿದೆ.

ಇಲ್ಮರಿ ನನ್ನ ಗಲ್ಲಾಪೆಟ್ಟಿಗೆಯ ಮುಂದೆ ಬಂದವನಲ್ಲ.
ಬಿಳಿಯ ರಾತ್ರಿಗಳಲ್ಲಿ ದೋಣಿ ಬಿಚ್ಚಿ
ಆಚೆ ದಡಕ್ಕೆ ಹೋಗುತ್ತಿದ್ದ. ಮೀನಿಗೆ, ಎನ್ನುತ್ತಿದ್ದಳು ಅಮ್ಮ.
ಹುಟ್ಟು ನೀರಿಗೆ ತಾಗಿದ ಸದ್ದೂ ಆಗದಂತೆ
ಹಾಕುವುದನ್ನು ಎಲ್ಲಿ ಕಲಿತನೋ.
ಮೀನು ಬರುತ್ತಿರಲಿಲ್ಲ.

ಶನಿವಾರ. ಅವನು ಸೌನಾದ ಹಬೆಯೊಳಗೆ,
ಅಂಗಿ ಹೊರಗೆ ಗೂಟದಲ್ಲಿ.
ಜೇಬಿನಲ್ಲಿ ಡಬ್ಬಿ. ಆಚೆ ದಡದ್ದಲ್ಲ, ಹಳೆಯದು, ಸೈನ್ಯದ್ದು,
ಮುಚ್ಚಳ ಉಜ್ಜಿ ಉಜ್ಜಿ ಬೆಳ್ಳಿಯಾಗಿದೆ.
ಒಳಗಿನ ಚೀಟಿ ಇನ್ನೂ ಇದೆ: ಇಪ್ಪತ್ತೈದು.
ಎಣಿಸಿದವರು ಎಂಬಲ್ಲಿ, ನನ್ನದೇ ಓರೆ ಅಕ್ಷರ.

ಉಳಿದದ್ದು ಹನ್ನೊಂದು.
ಹನ್ನೊಂದು ತೆಗೆದೆ. ಹನ್ನೊಂದು ಇಟ್ಟೆ
ಸಲ್ಮಿಯಾಕಿ, ಅಂಗಡಿಯ ಎಡಗಪಾಟಿನ ಉಪ್ಪುಪ್ಪು ಕಪ್ಪು ವಜ್ರ,
ಮಕ್ಕಳ ಗಂಟಲಿಗೆ ಕೊಡುವಂಥದು.
ಬಣ್ಣವೇ ಬೇರೆ. ಮೋಸ ಮಾಡುವುದಕ್ಕೂ ಬರಲಿಲ್ಲ ನನಗೆ.

ಊಟಕ್ಕೆ ಕೂತವನು ಡಬ್ಬಿ ತೆರೆದ.
ಬಹಳ ಹೊತ್ತು ನೋಡಿದ. ಅಮ್ಮ ಸಾರು ಬಡಿಸುತ್ತಿದ್ದಳು.
ಒಂದನ್ನು ಎತ್ತಿ ತಾನೇ ನಾಲಿಗೆಯ ಮೇಲಿಟ್ಟುಕೊಂಡು
'ಲೆಕ್ಕ ಸರಿಯಿದೆ' ಅಂದ, ನನ್ನ ಕಡೆ ತಿರುಗದೆ.

ಆ ರಾತ್ರಿ ಗೋಡೆಯ ಆಚೆಯಿಂದ
ಕೆಮ್ಮು ಕೇಳಿಸಿತು. ನಿಂತಿತು. ಮತ್ತೆ ಕೇಳಿಸಿತು.
ನಿಜದ್ದೋ, ಬಡಗಿಯದರಂಥದ್ದೋ
ಗೊತ್ತಾಗದೆ ಎದ್ದು ಕೂತೆ.
ಗೋಡೆಯ ಈಚೆ, ನನ್ನ ಏಪ್ರನ್ ಜೇಬಿನಲ್ಲಿ
ಹನ್ನೊಂದು.