ಒಂದು ಮನೆ ಕಡಿಮೆ

ನೂಲು ಬಿಚ್ಚುವ ಯಂತ್ರ ಬಿಟ್ಟು ಬೇರೆ ರಿಪೇರಿ
ಗೊತ್ತಿಲ್ಲ ಅಂದೆ, ಟೀಚರಮ್ಮ ಕೇಳಲಿಲ್ಲ.
"ನಿಮ್ಮ ಕೈಗೆ ಸಣ್ಣ ತಿರುಪು ಒಗ್ಗುತ್ತೆ ಪ್ಯಾರೇಜಾನ್, ಬನ್ನಿ."
ಶಿಡ್ಲಘಟ್ಟದ ಮಿಷನ್ ಶಾಲೆ, ಹಿಂದಿನ ಕೋಣೆ,
ಮುರಿದ ಬೆಂಚುಗಳ ಆಚೆ ಗೋಣಿಚೀಲ ಹೊದ್ದು
ಅದು.

ಪಿಯಾನೊ ನೋಡಿದ್ದೇನೆ, ಸಿನಿಮಾದಲ್ಲಿ.
ಅದಕ್ಕೆ ಹಲ್ಲು ಒಂದೇ ಸಾಲು.
ಇದಕ್ಕೆ ಆರು.
ಕಲ್ಯಾಣಿಯ ಮೆಟ್ಟಿಲ ಹಾಗೆ ಒಂದರ ಮೇಲೊಂದು,
ಒಂದೊಂದೂ ಬೆರಳ ತುದಿಯಷ್ಟೇ ಅಗಲ.
ಎಣಿಸಿದೆ: ಇನ್ನೂರ ಅರವತ್ತನಾಲ್ಕು.
ಸ್ವರ ಮಾತ್ರ ಎಂಬತ್ತೆಂಟು.
ಯಾವನೋ ತಲೆಕೆಟ್ಟವನ ಕೆಲಸ, ಅಂದುಕೊಂಡೆ.

ಸಂಜೆ ಹಲಗೆ ಬಿಚ್ಚಿದಾಗ ತಿಳಿಯಿತು,
ಒಂದೇ ಸನ್ನೆಗೋಲಿಗೆ ಮೂರು ಮನೆ.
ಹಾರ್ಮೋನಿಯಂನವರು ಮನೆ ಅಂತಲೇ ಅನ್ನುವುದು.
ಮೇಲೆ ಒತ್ತು, ನಡುವೆ ಒತ್ತು, ಕೆಳಗೆ ಒತ್ತು,
ಬಾಗಿಲು ತೆಗೆಯುವವಳು ಒಬ್ಬಳೇ.

ಸುತ್ತಿಗೆಗಳ ಉಣ್ಣೆಯನ್ನೆಲ್ಲ ಹುಳ ತಿಂದಿತ್ತು.
ಹುಳದ ಉಗುಳು ಮಾರಿ ಉಣ್ಣುವ ಊರು ನಮ್ಮದು,
ಅದೂ ಒಮ್ಮೆ ತಿನ್ನಲಿ ಬಿಡಿ.
ಅಪ್ಪನ ಹಳೆ ಕೋಟು ಕತ್ತರಿಸಿ ಅಂಟಿಸಿದೆ.

ಅಕ್ಕಯಮ್ಮ ಕಸ ಗುಡಿಸಲು ಬಂದಳು.
ಮೊದಲು ನಮ್ಮ ಫಿಲೇಚರಿನಲ್ಲಿದ್ದವಳು;
ಮೂವತ್ತು ವರ್ಷ ಕುದಿನೀರಲ್ಲಿ ಎಳೆಯ ತುದಿ ಹುಡುಕಿ
ಬೆರಳು ಕೊಕ್ಕೆಯಾಗಿವೆ, ಪೂರ್ತಿ ಚಾಚವು.
ಮಾಮೂಲಿ ಪಿಯಾನೊಗೆ ತುಂಬು ಗೇಣು ಬೇಕಂತೆ.
ಇದಕ್ಕೆ ಕೊಕ್ಕೆಯೇ ಸಾಕಾಯಿತು.
ಪೊರಕೆ ಕಂಕುಳಲ್ಲಿಟ್ಟು ಮೂರು ಮನೆ ಒಟ್ಟಿಗೆ ಒತ್ತಿದಳು,
ಹಾಗೇ ಪಕ್ಕಕ್ಕೆ ಸರಿಸಿದಳು, ಬೆರಳು ಬದಲಿಸದೆ.
ಅದೇ ಮೂವರ ಮಾತು, ಇನ್ನೊಂದು ಎತ್ತರದಲ್ಲಿ.
"ಇದೇನಪ್ಪಾ, ಎಲ್ಲಿಟ್ಟರೂ ಕೈಗೆ ಒಂದೇ ರೂಪ!"
ನಕ್ಕಳು.
ಫಿಲೇಚರಿನಲ್ಲಿ ಅವಳ ನಗು ಕೇಳಿದ ನೆನಪಿಲ್ಲ;
ಆ ಗದ್ದಲದಲ್ಲಿ ಕೇಳುವುದಾದರೂ ಹೇಗೆ.

ಶುಕ್ರವಾರ ವ್ಯಾಪಾರಿ ಬಂದ. ಪೆಟ್ಟಿಗೆ ತಟ್ಟಿ,
ಮೆಟ್ಟಿಲೆಲ್ಲ ಕಿತ್ತು ಒಂದೇ ಸಾಲು ಕೂರಿಸಿದರೆ
ಗಿರಾಕಿ ಇದ್ದಾರೆ ಅಂದ.
ಶಾಲೆಯ ಚಾವಣಿ ಸೋರುತ್ತಿದೆ.
ಟೀಚರಮ್ಮನದು ತಪ್ಪು ಅನ್ನಲಾರೆ.

ಲಾರಿಗೆ ಹೇರುವ ಮುಂಚೆ
ಒಂದು ಮನೆ ಕಿತ್ತು ಜೇಬಿಗೆ ಹಾಕಿಕೊಂಡೆ.
ಕಳ್ಳತನವೇ.
ಆದರೆ ಆ ಸ್ವರಕ್ಕೆ ಇನ್ನೆರಡು ಉಳಿದಿದ್ದವು,
ಒತ್ತಿ ನೋಡಿದೆ,
ನುಡಿಯಿತು.

ದಂತವೋ ಎಲುಬೋ ಗೊತ್ತಿಲ್ಲ,
ತೂತು ಬಿದ್ದ ಗೂಡಿನಷ್ಟು ಹಗುರ.
ಅಕ್ಕಯಮ್ಮನಿಗೆಂದೇ ತೆಗೆದದ್ದು.
ಏನೆಂದು ಹೇಳಿ ಕೊಡಲಿ?
ಒಂದು ವಾರದಿಂದ
ಜೇಬಿನೊಳಗೇ ಒತ್ತುತ್ತಿದ್ದೇನೆ.